ಆಷಾಢದ ಗಾಳಿ, ಸೂಪಾದ ನೀರು

ಆಷಾಢಮಾಸದಲ್ಲಿ ಹುಬ್ಬಳ್ಳಿಯಿಂದ ಗದಗಿನ ಹಾದಿ ಹಿಡಿದು ಕಪ್ಪತಗುಡ್ಡದ ಸಮೀಪಕ್ಕೆ ಹೋದವರಿಗೆ, ತಲೆಯ ರುಮಾಲನ್ನು ಕೈಯಿಂದ ಒತ್ತಿ ಹಿಡಿಯಬೇಕಾಗುವಂತೆ ಬೀಸುವ ಪಡುವಣ ಗಾಳಿಗೆ ಮೈಯೊಡ್ಡಿ, ಗುಡ್ಡದ ನೆತ್ತಿಯ ಮೇಲೆ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳು ಕಣ್ಣಿಗೆ ಬೀಳುತ್ತವೆ. ಅದೇ ದಿನಗಳಲ್ಲಿ ಜೋಯಿಡಾದ ಕಾನನಗಳ ಮೇಲೆ ಸುರಿದ ಮಳೆಯು ಕಾಳಿ ನದಿಯಾಗಿ ಹರಿದುಬಂದು, ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿಂದೆ ಸಂಚಯವಾಗುತ್ತಿರುತ್ತದೆ. ಹುಬ್ಬಳ್ಳಿಯ ಹೆಸ್ಕಾಂ ವಿದ್ಯುತ್ತನ್ನು ಹಂಚುವ ಏಳು ಜಿಲ್ಲೆಗಳಲ್ಲಿಯೇ ಈ ಗುಡ್ಡವೂ ಇದೆ, ಈ ನದಿಯೂ ಇದೆ. ಇವೆರಡರಿಂದಲೇ ನಮ್ಮ ಸೀಮೆಯ ದೀಪಗಳೆಲ್ಲ ಬೆಳಗಲಾರವೇ ಎಂಬ ಪ್ರಶ್ನೆ ಸಹಜವಾದುದು.

ವಿದ್ಯುತ್ತು ಕಣಜದ ಜೋಳದಂತೆ ತಂತಿಯಲ್ಲಿ ಕೂಡಿಟ್ಟುಕೊಳ್ಳುವ ವಸ್ತುವಲ್ಲ. ಕ್ಷಣಕ್ಷಣಕ್ಕೂ ಉತ್ಪಾದನೆಯು ಬಳಕೆಗೆ ಸಮನಾಗಿರಬೇಕು. ಆ ಸಮತೋಲದ ಕುರುಹು ಗ್ರಿಡ್ಡಿನ 50 ಹರ್ಟ್ಸ್ ಆವರ್ತನ. ಗಾಳಿಯಾದರೋ ಚಂಚಲ: ಅದರ ವೇಗವು ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಎಂಟನೆಯ ಒಂದು ಪಾಲಿಗೆ ಕುಗ್ಗುತ್ತದೆ. ಈ ಕೊರತೆಯನ್ನು ತುಂಬಬಲ್ಲುದು ನೀರು. ಕಾಳಿಯ ನೀರಿನಿಂದಲೇ ನಡೆಯುವ ನಾಗಝರಿಯ ವಿದ್ಯುದಾಗಾರದಲ್ಲಿ ನೀರಿನ ದ್ವಾರಗಳು ತೆರೆದುಕೊಂಡವೆಂದರೆ, ನಿಂತಿದ್ದ ಚಕ್ರವು ಕೆಲವೇ ನಿಮಿಷಗಳಲ್ಲಿ ಪೂರ್ಣವೇಗಕ್ಕೆ ಬಂದು ವಿದ್ಯುತ್ತನ್ನು ಕೊಡತೊಡಗುತ್ತದೆ. ಕಲ್ಲಿದ್ದಲಿನ ಸ್ಥಾವರವು ತಣ್ಣಗಿದ್ದರೆ ಅದನ್ನೆಬ್ಬಿಸಲು ಗಂಟೆಗಳೇ ಬೇಕು.

ಆದರೆ ಇದಕ್ಕಿಂತ ಮಹತ್ವದ ಲಾಭವೊಂದಿದೆ. ಶ್ರಾವಣದಲ್ಲಿ ಗಾಳಿಯಿಂದ ಒದಗಿದ ಒಂದೊಂದು ಯೂನಿಟ್ಟಿಗೂ ಪ್ರತಿಯಾಗಿ ಅಷ್ಟಷ್ಟು ನೀರು ಸೂಪಾದಲ್ಲಿಯೇ ಉಳಿದು, ಗಾಳಿ ಮಂದವಾಗಿ ಪಂಪ್‌ಸೆಟ್ಟುಗಳು ಬಾಯಾರಿ ಕೂಗುವ ಫಾಲ್ಗುಣ-ಚೈತ್ರಗಳಿಗೆ ಮೀಸಲಾಗಬಲ್ಲುದು. ಅದೇ ನದಿಯ ಕೆಳಭಾಗದಲ್ಲಿರುವ ಕದ್ರಾದಂಥ ಚಿಕ್ಕ ಜಲಾಶಯಕ್ಕೆ ಈ ಸಾಮರ್ಥ್ಯವಿಲ್ಲ. ಮಳೆ ಜೋರಾದರೆ ಅಲ್ಲಿ ಬಾಗಿಲು ತೆರೆಯಲೇಬೇಕು.

ಮೊದಲಿನ ಪ್ರಶ್ನೆಗೆ ಮರಳಿದರೆ, ಸ್ಪೇನ್ ದೇಶಕ್ಕೆ ಸೇರಿದ ಎಲ್ ಹಿಯೆರೋ ಎಂಬ ಪುಟ್ಟ ದ್ವೀಪವು ಹೆಚ್ಚಾದ ಗಾಳಿವಿದ್ಯುತ್ತಿನಿಂದ ನೀರನ್ನು ಮೇಲಿನ ಕೊಳಕ್ಕೇರಿಸಿ, ಗಾಳಿ ನಿಂತಾಗ ಕೆಳಗಿಳಿಸಿ, 2019ರಲ್ಲಿ ಎಡೆಬಿಡದೆ 24 ದಿನ ಈ ಎರಡರಿಂದಲೇ ನಡೆಯಿತು. ನಮ್ಮದು ದ್ವೀಪವಲ್ಲ, ಕಬ್ಬು, ಕೈಗಾರಿಕೆ, ಕೊಳವೆಬಾವಿಗಳ ವಿಶಾಲ ಸೀಮೆ. ಮೇಲಾಗಿ 2023ರಂತೆ ಮಳೆ ಕೈಕೊಟ್ಟ ವರ್ಷ ನೀರಿನ ಆಸರೆಯೇ ಕುಸಿಯುತ್ತದೆ. ವರ್ಷವಿಡೀ ಇವೆರಡನ್ನೇ ನಂಬಿ ಬಾಳುವುದು ಇಂದಿಗೆ ಅಸಾಧ್ಯವೆಂದೇ ನನ್ನ ಅಭಿಪ್ರಾಯ. ಗಾಳಿಯ ತಿಂಗಳುಗಳಲ್ಲಿ ನೀರನ್ನು ಉಳಿಸುವುದು ಮಾತ್ರ ಸರ್ವಥಾ ಸಾಧ್ಯ.

ಸೂಪಾ ಎಂಬ ಊರೇ ಆ ಜಲರಾಶಿಯ ತಳದಲ್ಲಿದೆ. ಅಲ್ಲಿಯ ಜನ ಮನೆಮಠ ಬಿಟ್ಟು ಜೋಯಿಡಾ ಸೀಮೆಯದೇ ಆದ ರಾಮನಗರಕ್ಕೆ ಹೋಗಿ ನೆಲೆಸಬೇಕಾಯಿತು. ಅಷ್ಟು ಬೆಲೆ ತೆತ್ತು ಕಟ್ಟಿದ ನೀರನ್ನು, ಕಪ್ಪತಗುಡ್ಡದಲ್ಲಿ ಗಾಳಿ ಬೀಸುತ್ತಿರುವಾಗ, ಅಗತ್ಯ ಮೀರಿ ಹರಿಯಬಿಡಲಾಗದು.