ಶಾಲೆ ಬಿಟ್ಟ ಮೇಲೆ ಮಗು ಎಲ್ಲಿ? ಸಂಜೆಯ ಪಾಲನಾ ಕೇಂದ್ರವನ್ನು ಆರಿಸುವ ಬಗೆ

ನಮ್ಮ ಪಾಠ ಯೋಜನೆ ಕೊನೆಯ ಅವಧಿಗೆ ಮುಗಿಯುತ್ತದೆ. ಮಗುವಿನ ದಿನ ಅಲ್ಲಿಗೆ ಮುಗಿಯುವುದಿಲ್ಲ. ತಂದೆ ತಾಯಿ ಇಬ್ಬರೂ ದುಡಿಯುವ ಮನೆಗಳಲ್ಲಿ ಶಾಲೆ ಬಿಟ್ಟಾಗಿನಿಂದ ದೊಡ್ಡವರು ಮನೆ ಸೇರುವವರೆಗೆ ಎರಡು ಮೂರು ಗಂಟೆಗಳ ಅಂತರವಿರುತ್ತದೆ. ಆ ಹೊತ್ತನ್ನು ಮಗು ಎಲ್ಲಿ, ಯಾರ ಜೊತೆ ಕಳೆಯುತ್ತದೆ ಎಂಬುದು ಮರುದಿನದ ಹಾಜರಾತಿಯಲ್ಲೂ ಕಲಿಕೆಯಲ್ಲೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇದು ಪೋಷಕರಿಗೆ ಮಾತ್ರ ಸೇರಿದ ವಿಷಯವಲ್ಲ, ಶಿಕ್ಷಕರೂ ತಿಳಿದಿರಬೇಕಾದದ್ದು.

ಆರು ವರ್ಷದ ನಂತರದ ಖಾಲಿ ಜಾಗ

ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿ ಇದೆ. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ಯೂ ಪುಟ್ಟ ಮಕ್ಕಳಿಗಾಗಿಯೇ ಇರುವುದು. ಆರು ತುಂಬಿದ ಮೇಲೆ ಮಗು ಶಾಲೆಯದು ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಂತೆ ಶಾಲೆ ನಡೆಯಬೇಕಾದ ಕನಿಷ್ಠ ದಿನಗಳು 1ರಿಂದ 5ನೇ ತರಗತಿಗೆ 200, 6ರಿಂದ 8ನೇ ತರಗತಿಗೆ 220. ಉಳಿದ ದಿನಗಳ ಬಹುಭಾಗವೂ, ಪ್ರತಿದಿನದ ಸಂಜೆಯೂ ಕುಟುಂಬದ ಹೊಣೆಯಾಗಿಯೇ ಉಳಿಯುತ್ತವೆ.

ಅಭ್ಯಾಸ ಬೋಧನೆಯ ಶಾಲೆಯಲ್ಲಿ ನಡೆದ ಪೋಷಕರ ಸಭೆಯಲ್ಲಿ ಅಗರಬತ್ತಿ ಕೆಲಸಕ್ಕೆ ಹೋಗುವ ತಾಯಿಯೊಬ್ಬರು ತಮ್ಮ ಚಿಕ್ಕ ಮಗನಿಗೆ ಟ್ಯೂಷನ್ ಎಲ್ಲಿ ಚೆನ್ನಾಗಿದೆ ಎಂದು ಕೇಳಿದರು. ಯಾವ ವಿಷಯಕ್ಕೆ ಎಂದಾಗ ಅವರೆಂದದ್ದು: “ಓದ್ಸೋದು ಆಮೇಲೆ ಮಿಸ್, ಏಳು ಗಂಟೆ ತನಕ ಇಟ್ಕೊಂಡ್ರೆ ಸಾಕು.” ಅವರ ದೊಡ್ಡ ಮಗಳು ನಮ್ಮ 6ನೇ ತರಗತಿಯಲ್ಲಿದ್ದಳು. ತಮ್ಮನಿಗೆ ಜ್ವರ ಬಂದ ದಿನ ಶಾಲೆ ತಪ್ಪಿಸುತ್ತಿದ್ದವಳು ಅವಳೇ. ಮನೆಯವರು ಟ್ಯೂಷನ್ ಎಂದು ಹುಡುಕುವುದು ಎಷ್ಟೋ ಸಲ ಪಾಠವನ್ನಲ್ಲ, ಪಾಲನೆಯನ್ನು. ಅದು ಸಿಗದಿದ್ದರೆ ಹೊರೆ ಬೀಳುವುದು ಅಕ್ಕಂದಿರ ಮೇಲೆ. ಹಾಗಾಗಿ ಕೇಂದ್ರವನ್ನು ಅಳೆಯುವಾಗಲೂ ಪಾಠದ ಅಳತೆಗೋಲಿಗಿಂತ ಪಾಲನೆಯ ಅಳತೆಗೋಲು ಮುಂದಿರಬೇಕು.

ನೋಡಬೇಕಾದ ಅಂಶಗಳು

1. ನೋಡಿಕೊಳ್ಳುವವರು. ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರಿದ್ದಾರೆ? ಇದಕ್ಕೊಂದು ಸರಳ ಪರೀಕ್ಷೆಯಿದೆ. ಒಂದು ಮಗು ಬಿದ್ದು ಗಾಯ ಮಾಡಿಕೊಂಡು, ಅದನ್ನು ಒಬ್ಬರು ಆಸ್ಪತ್ರೆಗೆ ಕರೆದೊಯ್ದರೆ ಉಳಿದ ಮಕ್ಕಳ ಬಳಿ ಯಾರಿರುತ್ತಾರೆ? ಉತ್ತರವಿಲ್ಲದಿದ್ದರೆ ಅಲ್ಲಿ ಜನ ಸಾಲದು. ನೋಡಿಕೊಳ್ಳುವವರು ಪದೇ ಪದೇ ಬದಲಾಗುತ್ತಾರೆಯೇ, ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುತ್ತಾರೆಯೇ ಎಂಬುದನ್ನೂ ಗಮನಿಸಬೇಕು.

2. ಸುರಕ್ಷತೆ. ಸಂಪಿನ ಮುಚ್ಚಳ, ಮಹಡಿಯ ಕಟಕಟೆ, ಗ್ಯಾಸ್ ಒಲೆ, ಶೌಚಾಲಯದ ಚಿಲಕ ಇವನ್ನು ಕಣ್ಣಾರೆ ನೋಡಬೇಕು. ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ ಎಂಬುದಕ್ಕೆ ಬರವಣಿಗೆಯ ಪಟ್ಟಿ ಇರಬೇಕು. ಪೋಷಕರು ಯಾವಾಗ ಬಂದರೂ ಒಳಗೆ ಬಿಡುವ ಜಾಗವೇ ನಂಬಿಕೆಗೆ ಅರ್ಹ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿದ್ದರೆ ಸಾಲದು, ಮಗುವಿಗೂ ಗೊತ್ತಿರಬೇಕು.

3. ಶಿಸ್ತು. “ಮಗು ಮಾತು ಕೇಳದಿದ್ದರೆ ಏನು ಮಾಡ್ತೀರಿ?” ಎಂದು ನೇರವಾಗಿ ಕೇಳಬೇಕು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಹಗಲು ಹೊಡೆಯಬಾರದ ಮಗುವನ್ನು ಸಂಜೆ ಹೊಡೆಯಬಹುದು ಎಂದಾಗದು. “ನಾಲ್ಕು ಬಿಟ್ಟರೆ ಸರಿಹೋಗ್ತಾನೆ” ಎಂಬ ಉತ್ತರ ಬಂದರೆ ಎದ್ದು ಬರುವುದೇ ಲೇಸು.

4. ಹೊತ್ತಿನ ಹಂಚಿಕೆ. ಮಧ್ಯಾಹ್ನದ ಬಿಸಿಯೂಟ ಸಂಜೆಯ ಹೊತ್ತಿಗೆ ಕರಗಿರುತ್ತದೆ. ಬಾಳೆಹಣ್ಣೋ ಕಡಲೆಕಾಯಿಯೋ ಒಂದಿಷ್ಟು ತಿಂಡಿ, ನೀರು, ಓಡಾಡಿ ಆಡಲು ಅರ್ಧ ಗಂಟೆ, ಆಮೇಲೆ ಮನೆಗೆಲಸ ಎಂಬ ಕ್ರಮ ಒಳ್ಳೆಯದು. ಬಂದ ಕೂಡಲೇ ಕೂರಿಸಿ ಬರೆಸುವ ಜಾಗದಲ್ಲಿ ಪುಸ್ತಕ ತುಂಬುತ್ತದೆ, ಕಲಿಕೆ ನಡೆಯುವುದಿಲ್ಲ. ನಾನು ತಿದ್ದಿದ ವಿಜ್ಞಾನದ ಮನೆಗೆಲಸದಲ್ಲಿ ನಾಲ್ವರ ಉತ್ತರ ಅಕ್ಷರಶಃ ಒಂದೇ ಆಗಿತ್ತು. ಎಲೆಯಲ್ಲಿ ಆಹಾರ ಹೇಗೆ ತಯಾರಾಗುತ್ತದೆ ಎಂದು ತರಗತಿಯಲ್ಲಿ ಕೇಳಿದಾಗ ಆ ನಾಲ್ವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾಲ್ವರೂ ಒಂದೇ ಟ್ಯೂಷನ್ನಿನವರು.

5. ವಯಸ್ಸು. ಆರರ ಮಗುವಿಗೆ ಒರಗಿಕೊಳ್ಳಲು ಒಂದು ಚಾಪೆ ಬೇಕು. ಹನ್ನೆರಡರ ಮಗುವಿಗೆ ತನ್ನದೇ ಆಯ್ಕೆಯ ಕೆಲಸ ಬೇಕು. ಇಬ್ಬರಿಗೂ ಒಂದೇ ವೇಳಾಪಟ್ಟಿ ಹೊಂದುವುದಿಲ್ಲ.

6. ರಜೆ ಮತ್ತು ತಡ. ದಸರಾ, ಬೇಸಿಗೆ ರಜೆಯಲ್ಲಿ ಕೇಂದ್ರ ತೆರೆದಿರುತ್ತದೆಯೇ? ತಾಯಿಯ ಬಸ್ಸು ತಡವಾದರೆ ಮಗುವನ್ನು ಬಾಗಿಲಾಚೆ ಕೂರಿಸುತ್ತಾರೆಯೇ? ಶುಲ್ಕ ಕೇಳುವ ಮೊದಲೇ ಇದನ್ನು ಕೇಳಬೇಕು.

ಸೇರಿಸುವ ಮೊದಲು ಸಂಜೆ ಐದೂವರೆಯ ಸುಮಾರಿಗೆ, ಹೇಳದೆ ಹೋಗಿ, ಇಪ್ಪತ್ತು ನಿಮಿಷ ಕೂತು ಬಂದರೆ ಇವುಗಳಲ್ಲಿ ಅರ್ಧಕ್ಕೆ ಉತ್ತರ ಸಿಗುತ್ತದೆ. ಸೇರಿಸಿದ ವಾರದ ನಂತರ ಮಗುವನ್ನೇ ಕೇಳಬೇಕು. “ಏನು ಓದಿದೆ?” ಎಂದಲ್ಲ, “ಯಾರ ಜೊತೆ ಆಡಿದೆ, ಯಾರನ್ನು ಕಂಡರೆ ಭಯ?” ಎಂದು.

ಹಣ ಕೊಡಲಾಗದವರಿಗೆ

ಪಕ್ಕದ ಮನೆಯ ಅಜ್ಜಿಯೂ ಒಂದು ಪಾಲನಾ ವ್ಯವಸ್ಥೆಯೇ. ಮೇಲಿನ ಪ್ರಶ್ನೆಗಳು ಅಲ್ಲಿಗೂ ಸಲ್ಲುತ್ತವೆ. ಹಳ್ಳಿಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವವಿದೆ. ಗ್ರಂಥಾಲಯ ಓದಿಗೆ ಒಳ್ಳೆಯ ಜಾಗ. ಆದರೆ ಮಗುವನ್ನು ಕಾಯುವ ಹೊಣೆ ಗ್ರಂಥಪಾಲಕರದ್ದಲ್ಲ, ಅದನ್ನು ಪೋಷಕರಿಗೆ ತಿಳಿಸಿಯೇ ಸೂಚಿಸಬೇಕು.

ನಮ್ಮ ಪಾತ್ರ

ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ಇದೇ ಕಾಯ್ದೆಯ 28ನೇ ಕಲಂ ತಡೆಯುತ್ತದೆ. ಈ ವಿಷಯದಲ್ಲಿ ಸ್ವಂತ ಲಾಭವಿಲ್ಲದವರು ನಾವು. ಅದಕ್ಕೇ ನಮ್ಮ ಮಾತನ್ನು ಪೋಷಕರು ನಂಬುತ್ತಾರೆ. ಇಂಥದೇ ಕೇಂದ್ರ ಎಂದು ಹೆಸರು ಹೇಳುವುದಕ್ಕಿಂತ ಈ ಪ್ರಶ್ನೆಗಳನ್ನು ಅವರ ಕೈಗೆ ಕೊಡುವುದು ಮೇಲು. ವಿದ್ಯಾರ್ಥಿ ವ್ಯಕ್ತಿ ಅಧ್ಯಯನ ಬರೆಯುವಾಗ ಕುಟುಂಬದ ಆದಾಯದ ಕಾಲಂ ಪಕ್ಕದಲ್ಲಿ ‘ಸಂಜೆ 4ರಿಂದ 7 ಎಲ್ಲಿ, ಯಾರೊಂದಿಗೆ’ ಎಂಬ ಕಾಲಂ ಒಂದನ್ನು ಸೇರಿಸಿಕೊಳ್ಳೋಣ. ನನ್ನ ತರಗತಿಯಲ್ಲಿ ಆ ಕಾಲಂ ತುಂಬಿದ ಮೇಲೆ ಯಾರ ಗೈರುಹಾಜರಿಗೆ ಏನು ಕಾರಣವೆಂದು ಊಹಿಸಬೇಕಾಗಲಿಲ್ಲ. ಆ ಪಟ್ಟಿಯನ್ನು ಮಾರ್ಗದರ್ಶಕ ಶಿಕ್ಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆ ಇಡಬಹುದು. ಸಂಜೆ ಬೀಗ ಬೀಳುವ ಶಾಲೆಯಲ್ಲಿ ಒಂದು ಕೊಠಡಿಯನ್ನು ಏಳರವರೆಗೆ ತೆರೆದಿಡಲು ಸಾಧ್ಯವೇ ಎಂಬ ಚರ್ಚೆ ಅಲ್ಲಿಂದಲೇ ಶುರುವಾಗಬೇಕು.