ಹಾಲು-ತುಪ್ಪ ಸೋಕದ ಹಬ್ಬದ ಮೇಲೋಗರಗಳು



ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ವಿಚಾರ, ಕಾಫಿ ಗಿಡದ ಚಿಗುರು ತೆಗೆಯುವ ವಿಚಾರ, ಇಲ್ಲವೇ ಸಾಲದ ಕಂತಿನ ವಿಚಾರ. ಈ ಸಲ ಕಾರ್ಯದರ್ಶಿಗಳು ಅಡಿಗೆಮನೆಗೇ ಕಾಲಿಟ್ಟರಲ್ಲ ಎಂದು ಕೆಲವರಿಗೆ ನಗು ಬರಬಹುದು. ನಗುವುದಕ್ಕೆ ಅಡ್ಡಿಯಿಲ್ಲ, ಆದರೆ ಪೂರ್ತಿ ಓದಿ ನಗಬೇಕೆಂದು ಕೋರುತ್ತೇವೆ. ಏಕೆಂದರೆ ಇಲ್ಲಿ ಹೇಳುವ ಪದಾರ್ಥಗಳೆಲ್ಲ ನಮ್ಮ ತೋಟದವೇ, ಮತ್ತು ಇದನ್ನು ಬರೆಯಲು ಕಾರಣವಾದ ಘಟನೆ ನಾಳೆ ಯಾರ ಮನೆಯಲ್ಲಾದರೂ ನಡೆಯಬಹುದಾದದ್ದು.

ನಮ್ಮ ಸದಸ್ಯರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಮಕ್ಕಳಿಲ್ಲದವರು ಈಗ ಅಪರೂಪ. ಒಬ್ಬರ ಮಗ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಇನ್ನೊಬ್ಬರ ಮಗಳು ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ನಮ್ಮ ಮಗ-ಸೊಸೆ ವೈಟ್‌ಫೀಲ್ಡಿನಲ್ಲಿದ್ದಾರೆ. ಹಿಂದೆ ಹಬ್ಬಕ್ಕೆ ಮಕ್ಕಳು ಊರಿಗೆ ಬರುತ್ತಿದ್ದರು. ಈಗ ರಜೆ ಸಿಗದ ಕಾರಣ, ಹಬ್ಬವನ್ನೇ ಚೀಲದಲ್ಲಿ ಕಟ್ಟಿಕೊಂಡು ನಾವು ಅಲ್ಲಿಗೆ ಹೋಗುವಂತಾಗಿದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು, 2023ರ ಅಕ್ಟೋಬರಿನಿಂದ ನೇರವಾಗಿ ವೈಟ್‌ಫೀಲ್ಡಿಗೆ ಹೋಗುವ ಮೆಟ್ರೋ ಹಿಡಿದರೆ, ತೆಂಗಿನಕಾಯಿಯ ಚೀಲ ಹೊತ್ತುಕೊಂಡೇ ಮಗನ ಮನೆಯ ಹತ್ತಿರ ಇಳಿಯಬಹುದು.

ಕಳೆದ ವರ್ಷದ ಗೌರಿ-ಗಣೇಶ ಹಬ್ಬಕ್ಕೆ ಹಾಗೆಯೇ ಹೋಗಿದ್ದೆವು. ನಮ್ಮ ಮೊಮ್ಮಗಳಿಗೆ ಆಗ ನಾಲ್ಕು ವರ್ಷ. “ಅತ್ತೆ, ಮಗುವಿಗೆ ಹಾಲು ಆಗುವುದಿಲ್ಲ” ಎಂದು ಸೊಸೆ ಫೋನಿನಲ್ಲಿ ಮೊದಲೇ ತಿಳಿಸಿದ್ದಳು. ನಮ್ಮ ಮನೆಯವರು, ಎಂದರೆ ಮಗುವಿನ ಅಜ್ಜಿ, ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡು ಪಾಯಸಕ್ಕೆ ಹಸುವಿನ ಹಾಲು ಹಾಕದೆ ಕಾಯಿಹಾಲು ಹಾಕಿದ್ದರು. ಎಲೆ ಹಾಕಿ ಎಲ್ಲರೂ ಕುಳಿತೆವು. ಪದ್ಧತಿಯಂತೆ ಎಲ್ಲ ಎಲೆಗೂ ಒಂದೊಂದು ಹನಿ ತುಪ್ಪದ ಅಭಿಘಾರವಾಯಿತು, ಮಗುವಿನ ಎಲೆಗೂ. ನಾಲ್ಕು ತುತ್ತು ಉಂಡ ಮೇಲೆ ಮಗು ತುಟಿ ಉಜ್ಜಿಕೊಳ್ಳತೊಡಗಿತು. ನೋಡುತ್ತಿದ್ದಂತೆ ತುಟಿ ಊದಿಕೊಂಡಿತು. ಕುತ್ತಿಗೆಯ ಮೇಲೆ ದದ್ದು ಎದ್ದವು. ಎಂಜಲು ಕೈಯಲ್ಲೇ ಎದ್ದು ಆಸ್ಪತ್ರೆಗೆ ಓಡಿದೆವು. ದೇವರ ದಯೆಯಿಂದ ಸಾಯಂಕಾಲದ ಹೊತ್ತಿಗೆ ಮಗು ಗೆಲುವಾಯಿತು.

ಏನೇನು ಬಡಿಸಿದಿರಿ ಎಂದು ವೈದ್ಯರು ಒಂದೊಂದಾಗಿ ಕೇಳಿದಾಗ ನಮ್ಮ ತಪ್ಪು ನಮಗೇ ತಿಳಿಯಿತು. ಎಲೆಗೆ ಹನಿ ತುಪ್ಪ ಬಿದ್ದಿತ್ತು. ಬಾಳೆದಿಂಡು ಕಪ್ಪಾಗದಿರಲೆಂದು ಹೆಚ್ಚಿದ ಹೋಳನ್ನು ಮಜ್ಜಿಗೆಯಲ್ಲಿ ನೆನೆಹಾಕಿದ್ದರು. ಗೊಜ್ಜಿಗೆ ತುಪ್ಪದ ಒಗ್ಗರಣೆ. ಹಾಲು ಒಂದು ತೊಟ್ಟೂ ಇರಲಿಲ್ಲ, ಆದರೆ ಹಾಲಿನ ಮಕ್ಕಳು-ಮರಿಗಳೆಲ್ಲ ಎಲೆಯ ಮೇಲಿದ್ದವು. “ತುಪ್ಪವೂ ಹಾಲೇ ಎಂದು ನನಗೆ ಹೊಳೆಯಲಿಲ್ಲವಲ್ಲೋ” ಎಂದು ಮನೆಯವರು ಮಗನ ಮುಂದೆ ಕಣ್ಣೀರು ಹಾಕಿದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಕೇಳಿ ತಿಳಿಯಬೇಕಾದ ಮೊದಲ ಮಾತು

ಹಾಲು ಬೇಡವೆನ್ನುವವರು ಮೂರು ಬಗೆ. ಒಂದನೆಯವರಿಗೆ ಹಾಲಿನ ಸಕ್ಕರೆ, ಎಂದರೆ ಲ್ಯಾಕ್ಟೋಸ್, ಜೀರ್ಣವಾಗುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ. ದೊಡ್ಡವರಲ್ಲಿ ಇದು ಬಹಳ ಸಾಮಾನ್ಯ. ಹುಳಿಯಾದ ಮೊಸರು ಸ್ವಲ್ಪ ಮಟ್ಟಿಗೆ ಇಂಥ ಅನೇಕರಿಗೆ ಒಗ್ಗುತ್ತದೆ. ತುಪ್ಪದಲ್ಲಿ ಆ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ.

ಎರಡನೆಯದು ಅಲರ್ಜಿ. ಇದು ಹಾಲಿನ ಪ್ರೋಟೀನಿಗೆ ದೇಹ ತೋರುವ ವಿರೋಧ. ಇಲ್ಲಿ ಪ್ರಮಾಣದ ಲೆಕ್ಕವಿಲ್ಲ. ತುಪ್ಪದಲ್ಲಿ ಉಳಿದ ಅಲ್ಪ ಅಂಶವೂ ಕೆಲವರಿಗೆ ಸಾಕು. ಎಮ್ಮೆಯ ಹಾಲು, ಮೇಕೆಯ ಹಾಲು ಆದೀತೆಂದು ತಿಳಿಯಬಾರದು. ಅವುಗಳ ಪ್ರೋಟೀನೂ ಹೆಚ್ಚುಕಡಿಮೆ ಅದೇ ಜಾತಿಯದು. ತುಟಿ ಊದುವುದು, ದದ್ದು, ಉಸಿರಾಟದ ತೊಂದರೆ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅನೇಕ ಮಕ್ಕಳಲ್ಲಿ ಬೆಳೆಯುತ್ತ ಈ ಅಲರ್ಜಿ ಹೋಗುವುದುಂಟು. ಆದರೆ ಹೋಗಿದೆಯೇ ಎಂದು ಪರೀಕ್ಷಿಸುವವರು ವೈದ್ಯರು, ಅಜ್ಜ-ಅಜ್ಜಿಯರಲ್ಲ.

ಮೂರನೆಯವರು ತಮ್ಮ ಇಚ್ಛೆಯಿಂದಲೇ ಹಾಲು ಬಿಟ್ಟವರು. ನಗರದ ಎಳೆಯರಲ್ಲಿ ಇಂಥವರನ್ನು ಈಗ ಕಾಣುತ್ತೇವೆ. ಅವರೊಡನೆ ಊಟದ ಹೊತ್ತಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಆದ್ದರಿಂದ ಅಡಿಗೆಗೆ ಮೊದಲು, ಇವರಲ್ಲಿ ಯಾವ ಬಗೆ ಎಂದು ಕೇಳಿ ತಿಳಿದುಕೊಳ್ಳತಕ್ಕದ್ದು.

ಇದನ್ನೆಲ್ಲ ಹಾಲಿನ ಮೇಲಿನ ದ್ವೇಷದಿಂದ ಬರೆಯುತ್ತಿಲ್ಲ. ನಮ್ಮಲ್ಲಿ ಅನೇಕರು ದಿನವೂ ಡೈರಿಗೆ ಹಾಲು ಹಾಕುವವರು. ಕೊಟ್ಟಿಗೆಯ ಗೊಬ್ಬರವಿಲ್ಲದೆ ನಮ್ಮ ತೋಟವೇ ಇಲ್ಲ.

ಹಾಲು ಅಡಗಿರುವ ಜಾಗಗಳು

ಹಬ್ಬದ ಎಲೆಯನ್ನು ನಿಧಾನವಾಗಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ನಮ್ಮ ಮೇಲೋಗರಗಳಲ್ಲಿ ಹೆಚ್ಚಿನವು ಮೊದಲಿನಿಂದಲೂ ಹಾಲಿನ ಅಡಿಗೆಗಳಲ್ಲ. ಕೋಸಂಬರಿ, ಪಲ್ಯ, ಗೊಜ್ಜು, ಮೆಣಸ್ಕಾಯಿ, ಹುಳಿ, ಸಾರು, ಚಿತ್ರಾನ್ನ ಇವುಗಳಿಗೆ ಜಿಡ್ಡು ಕೊಡುವುದು ತೆಂಗು, ರುಚಿ ಕೊಡುವುದು ಹುಳಿ. ಹಾಲಿನ ಅಂಶ ಸೇರುವುದು ಕೊನೆಯ ಚಮಚದಲ್ಲಿ, ಅದೂ ಅಭ್ಯಾಸಬಲದಿಂದ. ಒಗ್ಗರಣೆಯ ತುಪ್ಪ, ಹೋಳು ನೆನೆಸುವ ಮಜ್ಜಿಗೆ, ಪಾಯಸದ ಸೌಟನ್ನೇ ಸಾರಿಗೂ ಅದ್ದುವುದು, ಕಾಯಿಸಿದ ತುಪ್ಪದ ಬಾಣಲೆಯಲ್ಲೇ ಹಪ್ಪಳ ಕರಿಯುವುದು, ಇವನ್ನು ಗಮನಿಸಬೇಕು. ಮಜ್ಜಿಗೆ ಮೆಣಸನ್ನಂತೂ ಮರೆಯುವುದು ಬಹಳ ಸುಲಭ. ಸಂಡಿಗೆಯ ಹಿಟ್ಟಿಗೂ ಕೆಲವರು ಮಜ್ಜಿಗೆ ಹಾಕುತ್ತಾರೆ, ಮಾಡಿದವರನ್ನು ಕೇಳಬೇಕು.

ಅಂಗಡಿಯ ಪೊಟ್ಟಣವಾದರೆ ಹಿಂಭಾಗ ಓದಿ. ಹಾಲಿನ ಅಂಶವಿದ್ದರೆ ಅದನ್ನು ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಕೇಸೀನ್, ವೇ ಪುಡಿ ಎಂದಿದ್ದರೂ ಅದು ಹಾಲೇ.

ನಾವು ಮಾಡಿ ಉಂಡ ಐದು ಮೇಲೋಗರಗಳು

ಕೋಸಂಬರಿ: ಅರ್ಧ ಲೋಟ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿಯಿರಿ. ಸಣ್ಣಗೆ ಹೆಚ್ಚಿದ ಸೌತೆಕಾಯಿ, ಒಂದು ಹಿಡಿ ಕಾಯಿತುರಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ-ಇಂಗಿನ ಒಗ್ಗರಣೆ ಕೊಡಿ. ಉಪ್ಪು, ನಿಂಬೆರಸ ಬಡಿಸುವ ಹೊತ್ತಿಗೆ ಮಾತ್ರ. ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಎಲೆಯ ಮೇಲೆ ಹರಿದಾಡುತ್ತದೆ.

ಬಾಳೆದಿಂಡಿನ ಪಲ್ಯ: ದಿಂಡು ಕಪ್ಪಾಗುವುದು ಹೆಚ್ಚಿದ ಭಾಗಕ್ಕೆ ಗಾಳಿ ತಗಲುವುದರಿಂದ. ಅದನ್ನು ತಡೆಯುವುದು ಮಜ್ಜಿಗೆಯ ಹುಳಿಯೇ ಹೊರತು ಹಾಲಲ್ಲ. ಆದ್ದರಿಂದ ತೆಳ್ಳಗಿನ ಹುಣಿಸೆ ನೀರು ಅಥವಾ ನಿಂಬೆ ಹಿಂಡಿದ ನೀರು ಅದೇ ಕೆಲಸ ಮಾಡುತ್ತದೆ. ನಾರು ತೆಗೆದು, ಹೆಚ್ಚಿ, ಆ ನೀರಿಗೆ ಹಾಕಿ, ಹಿಂಡಿ ತೆಗೆದು, ಉದ್ದಿನಬೇಳೆ ಒಗ್ಗರಣೆಯಲ್ಲಿ ಬೇಯಿಸಿ, ಕಾಯಿತುರಿ ಉದುರಿಸಿ.

ಅನಾನಸಿನ ಮೆಣಸ್ಕಾಯಿ: ಉದ್ದಿನಬೇಳೆ, ಕೊತ್ತಂಬರಿ ಬೀಜ, ಒಣಮೆಣಸು, ಎರಡು ಚಮಚ ಎಳ್ಳು, ನಾಲ್ಕೇ ಕಾಳು ಮೆಂತ್ಯ ಇವನ್ನು ಎಣ್ಣೆಯಲ್ಲಿ ಹುರಿದು ಕಾಯಿಯೊಡನೆ ರುಬ್ಬಿ. ಅರಿಶಿನ, ಉಪ್ಪು, ಹುಣಿಸೆ ರಸ, ಬೆಲ್ಲ ಹಾಕಿ ಬೇಯಿಸಿದ ಹೋಳಿಗೆ ಇದನ್ನು ಸೇರಿಸಿ ಕುದಿಸಿ. ಎಳ್ಳಿನಲ್ಲೇ ಜಿಡ್ಡಿರುವುದರಿಂದ ತುಪ್ಪ ಬೇಕೆನಿಸುವುದಿಲ್ಲ. ಅನಾನಸ್ ಸಿಗದಿದ್ದರೆ ಹಾಗಲ ಅಥವಾ ಅಮಟೆಕಾಯಿ ಆದೀತು. ಅಮಟೆಗೆ ಹುಣಿಸೆ ಕಡಿಮೆ ಮಾಡಿ, ಬೆಲ್ಲ ಹೆಚ್ಚಿಸಿ.

ಮಜ್ಜಿಗೆಹುಳಿಗೆ ಬದಲು ಬೂದುಗುಂಬಳದ ಕಾಯಿಹಾಲು ಹುಳಿ: ನೆನೆಸಿದ ಒಂದು ಚಮಚ ಕಡಲೆಬೇಳೆ, ಕಾಯಿ, ಹಸಿಮೆಣಸು, ಜೀರಿಗೆ ರುಬ್ಬಿಕೊಳ್ಳಿ. ಹೋಳನ್ನು ಎರಡನೆಯ ಸಲ ಹಿಂಡಿದ ತೆಳು ಕಾಯಿಹಾಲಿನಲ್ಲಿ ಬೇಯಿಸಿ, ರುಬ್ಬಿದ್ದನ್ನು ಹಾಕಿ ಕುದಿಸಿ. ಮೊದಲ ಸಲದ ಗಟ್ಟಿ ಹಾಲನ್ನು ಕೊನೆಗೆ ಸೇರಿಸಿ ಬಿಸಿ ಮಾಡಿದರೆ ಸಾಕು, ಕುದಿಸಿದರೆ ಒಡೆಯುತ್ತದೆ. ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ವೈಟ್‌ಫೀಲ್ಡಿನಲ್ಲಿ ಪಕ್ಕದ ಮನೆಯವರು ಪಾಲಕ್ಕಾಡಿನವರು. ಓಣಂ ಹಬ್ಬಕ್ಕೆ ಅವರು ಕೊಟ್ಟ ಓಲನ್ ಕೂಡ ಬೂದುಗುಂಬಳ, ಅಲಸಂದೆ, ಕಾಯಿಹಾಲಿನದೇ. ಅದನ್ನುಂಡ ಮೇಲೆ ನಮ್ಮವರಿಗೆ ಈ ಹುಳಿ ಹೊಳೆದದ್ದು.

ಮುರುಗಲಿನ ತಂಬುಳಿ: ಒಂದೆಲಗ ಅಥವಾ ಬಾಡಿಸಿದ ದೊಡ್ಡಪತ್ರೆಯನ್ನು ಕಾಯಿ, ಜೀರಿಗೆ, ಕಾಳುಮೆಣಸಿನೊಡನೆ ನುಣ್ಣಗೆ ರುಬ್ಬಿ. ಮಜ್ಜಿಗೆಯ ಬದಲು, ನಾಲ್ಕಾರು ಒಣ ಮುರುಗಲ ಸಿಪ್ಪೆಯನ್ನು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದ ರಸ ಸೇರಿಸಿ. ಕರಾವಳಿಯವರು ಪುನರ್ಪುಳಿ ಎನ್ನುವುದು ಇದನ್ನೇ. ಬಣ್ಣ ಸ್ವಲ್ಪ ಕೆಂಪಾದರೂ ರುಚಿಗೆ ಕೊರತೆಯಿಲ್ಲ. ಅಂದಿನದು ಅಂದಿಗೇ ಮುಗಿಯಬೇಕು.

ಒಂದು ಎಚ್ಚರಿಕೆ. ಕಾಯಿಹಾಲು ಅಡಿಗೆಗೆ ಬದಲಿಯೇ ಹೊರತು ಪೋಷಣೆಗಲ್ಲ. ಹಸುವಿನ ಹಾಲಿನ ಪ್ರೋಟೀನು, ಸುಣ್ಣದ ಅಂಶ ಅದರಲ್ಲಿಲ್ಲ. ಹಾಲು ಬಿಟ್ಟ ಮಗುವಿಗೆ ಏನು ಕೊಡಬೇಕೆಂದು ವೈದ್ಯರನ್ನು ಕೇಳಲೇಬೇಕು. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಬೆಂಗಳೂರಿನ ಸುತ್ತಿನ ಹಳೆಯ ಹಳ್ಳಿಗಳು ಅದನ್ನೇ ಉಂಡು ಬೆಳೆದವು. ದೊಡ್ಡವರಿಗೆ ಊಟದ ಮೇಲೆ ನಮ್ಮ ತೋಟದ ಮನೆಗಳ ಹಳೆಯ ಬೆಲ್ಲದ ಕರಿ ಕಾಫಿಯೇ ಇದೆ.

ಮರದಿಂದ ಬಂದ ತುಪ್ಪ

ಆ ಗೌರಿಹಬ್ಬದ ನಂತರ ನಮ್ಮ ಮನೆಯವರು ಮಗುವಿಗೆ ಬಡಿಸಲು ಹೆದರುತ್ತಿದ್ದರು. ಸೊಸೆ ಬೇರೆ ತಟ್ಟೆಯಲ್ಲಿ, ಬೇರೆ ಕೋಣೆಯಲ್ಲಿ ಉಣಿಸುತ್ತಿದ್ದಳು. ಅವಳದು ತಪ್ಪಲ್ಲ. ಆದರೆ “ನನಗೆ ಮಾತ್ರ ಯಾಕಜ್ಜ ಎಲೆ ಇಲ್ಲ?” ಎಂದು ಮಗು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಆಗ ಮನೆಯವರಿಗೆ ತಮ್ಮ ತವರಿನ ಉಪ್ಪಾಗೆ ತುಪ್ಪ ನೆನಪಾಯಿತು. ಹಿರಿಯ ಸದಸ್ಯರಿಗೆ ಇದು ಗೊತ್ತಿರುತ್ತದೆ. ಉಪ್ಪಾಗೆ ಮತ್ತು ಮುರುಗಲ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ತಣಿದ ಮೇಲೆ ಅದು ತುಪ್ಪದಂತೆಯೇ ಗಟ್ಟಿಯಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಹಸು ಬತ್ತಿದ ಕಾಲಕ್ಕೆ ದೋಸೆ, ರೊಟ್ಟಿಗೆ ಸವರುತ್ತಿದ್ದುದು ಇದನ್ನೇ. ಸಿದ್ದಾಪುರದ ಕಡೆಯ ನೆಂಟರಿಂದ ಒಂದು ಸಣ್ಣ ಉಂಡೆ ತರಿಸಿದೆವು. ಸೊಸೆ ವೈದ್ಯರನ್ನು ಕೇಳಿ ಒಪ್ಪಿಗೆ ಪಡೆದಳು.

ಈ ಯುಗಾದಿಗೆ ಮಗುವಿನ ಎಲೆ ಪಂಕ್ತಿಯಲ್ಲೇ, ಅಜ್ಜಿಯ ಪಕ್ಕದಲ್ಲೇ ಬಿತ್ತು. ಅವಳ ಎಲೆಗೆ ಮೊದಲು ಬಡಿಸಿದೆವು, ಬೇರೆ ಸೌಟಿನಿಂದ. ಅಭಿಘಾರಕ್ಕೆ ಉಪ್ಪಾಗೆ ತುಪ್ಪದ ಹನಿ. ಮೇಲೋಗರಗಳನ್ನೆಲ್ಲ ಎಲ್ಲರಿಗೂ ಒಂದೇ ರೀತಿ, ಎಣ್ಣೆಯಲ್ಲೇ ಮಾಡಿದ್ದರು. ತುಪ್ಪ ಬೇಕಾದವರು ಕೊನೆಗೆ ಹಾಕಿಸಿಕೊಂಡರು. ಯಾರಿಗೂ ಏನೂ ಕಡಿಮೆಯೆನಿಸಲಿಲ್ಲ. ಮಗು ಎರಡನೆಯ ಸಲ ಕೋಸಂಬರಿ ಕೇಳಿತು.

ಚೀಲ ಕಟ್ಟುವವರಿಗೆ

ಮಲೆನಾಡಿನ ರಾತ್ರಿ ಬಸ್ಸುಗಳು ಹೆಚ್ಚಾಗಿ ತುಮಕೂರು ರಸ್ತೆಯಲ್ಲಿ ಪೀಣ್ಯ, ಗೊರಗುಂಟೆಪಾಳ್ಯ ಹಾದೇ ಮೆಜೆಸ್ಟಿಕ್ಕಿಗೆ ಹೋಗುತ್ತವೆ. ಹಬ್ಬಕ್ಕೆ ಮಕ್ಕಳಿಗೆ ಸಾಮಾನು ಕಳಿಸುವವರು ಸುಲಿದ ಕಾಯಿ, ಒಣ ಮುರುಗಲು, ವಾಟೆಹುಳಿ, ಹಲಸಿನ ಹಪ್ಪಳ, ಎಣ್ಣೆ ಬಿಡುವ ತನಕ ಕುದಿಸಿದ ಪುಳಿಯೋಗರೆ ಗೊಜ್ಜು ಇವನ್ನು ಧಾರಾಳವಾಗಿ ಕಳಿಸಬಹುದು. ಕಾಯಿತುರಿ, ಕಾಯಿಹಾಲು ಬೇಡ, ಬೆಳಗಾಗುವಷ್ಟರಲ್ಲಿ ಹಳಸುತ್ತವೆ. ಡಬ್ಬಿಯ ಮೇಲೆ ಒಳಗೆ ಏನೇನಿದೆ, ಯಾವ ಎಣ್ಣೆ, ಮಜ್ಜಿಗೆ ಸೋಕಿದೆಯೇ ಇಲ್ಲವೇ ಎಂದು ಚೀಟಿ ಬರೆದು ಅಂಟಿಸಿ. ರೋಬಸ್ಟಾ ಚೀಲಕ್ಕೆ ಗುರುತು ಹಾಕುವ ನಮಗೆ ಇದು ದೊಡ್ಡ ಕೆಲಸವಲ್ಲ.

ಸದಸ್ಯರ ಮನೆಗಳಲ್ಲಿ ಇಂಥ ಇನ್ನೂ ಅನೇಕ ಅಡಿಗೆಗಳು ಇರಲೇಬೇಕು. ಅಪ್ಪೆಹುಳಿ, ಕಾಯಿರಸಗಳ ಬಗ್ಗೆ ನಮಗಿಂತ ಚೆನ್ನಾಗಿ ತಿಳಿದ ತಾಯಂದಿರಿದ್ದಾರೆ. ಕಾರ್ಡಿನಲ್ಲಿ ಬರೆದು ಕಳಿಸಿ, ಇಲ್ಲವೇ ಗೊಬ್ಬರಕ್ಕೆಂದು ಸಂಘದ ಕಚೇರಿಗೆ ಬಂದಾಗ ಹೇಳಿ ಹೋಗಿ. ದೀಪಾವಳಿಗೆ ಮೊದಲು ಅವನ್ನು ಸೇರಿಸಿ ಪ್ರಕಟಿಸುತ್ತೇವೆ. ಅಳತೆ ಸರಿಯಾಗಿರಲಿ, ಮತ್ತು ತುಪ್ಪ ಎಲ್ಲಿ ಬಿತ್ತೆಂಬುದನ್ನು ಮುಚ್ಚಿಡದೆ ಬರೆಯಿರಿ.