ಸೊಪ್ಪಿನ ತಾತನ ಸೈಕಲ್ಲು: ಕಚ್ಚಿಕೊಂಡ ಮೋಟರ್ ಬಿಡಿಸಿದ್ದು ಹೇಗೆ?



ಹೋದ ಸಲ ಈ ಗೋಡೆ ಪತ್ರಿಕೆಯಲ್ಲಿ ನಾನು ಇರುವೆಗಳ ಬಗ್ಗೆ ಬರೆದಿದ್ದೆ. ಅದು ಪುಸ್ತಕ ನೋಡಿ ಬರೆದದ್ದು. ಈ ಸಲ ಕಣ್ಣಾರೆ ನೋಡಿದ್ದನ್ನು, ಕೈಯಾರೆ ಮಾಡಿದ್ದನ್ನು ಬರೆಯುತ್ತೇನೆ. ಇದರಲ್ಲಿ ಒಂದು ತಪ್ಪೂ ಇದೆ. ಅದು ನಂದೇ.

ನಮ್ಮ ಸೋದರಮಾವನಿಗೆ ಕೆಂಗೇರಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇದೆ. ದಸರಾ ರಜೆಗೆ ನಾನು ಅಲ್ಲಿದ್ದೆ. ಒಂದು ಬೆಳಿಗ್ಗೆ ಸೊಪ್ಪಿನ ತಾತ ಸೈಕಲ್ ತಳ್ಳಿಕೊಂಡು ಬಂದರು. ಅವರು ದಿನಾ ನಸುಕಿನಲ್ಲೇ ದಂಟು, ಪಾಲಕ್, ಕೊತ್ತಂಬರಿ ಮೂಟೆ ಹೇರಿಕೊಂಡು ವಿಜಯನಗರದ ಕಡೆ ಮಾರಲು ಹೋಗುತ್ತಾರೆ. ಮಂಡಿ ನೋವು ಜಾಸ್ತಿಯಾದ ಮೇಲೆ ಮೊಮ್ಮಗ ಅವರ ಹಳೇ ಗೇರ್ ಸೈಕಲ್ಲಿಗೆ ಮೋಟರ್ ಕೂರಿಸಿಕೊಟ್ಟಿದ್ದ. ಈಗ ಅದು ಗುರ್ ಅನ್ನುತ್ತಿತ್ತು, ಚೈನ್ ಎಳೆಯುತ್ತಿರಲಿಲ್ಲ. "ಒಳಗೆ ಹಲ್ಲು ಹೋಗಿರ್ಬೇಕು. ಮೋಟರ್ ಬಿಚ್ಲೇಬೇಕು ಯಜಮಾನ್ರೇ" ಅಂದರು ಮಾವ. "ಬೇಗ ಮಾಡ್ಕೊಡಪ್ಪ, ಗಾಡಿ ನಿಂತ್ರೆ ನನ್ ವ್ಯಾಪಾರಾನೂ ನಿಂತಂಗೆ" ಅಂದರು ತಾತ.

ಬ್ಯಾಟರಿ ಸೈಕಲ್ಲಿನಲ್ಲಿ ಎರಡು ಜಾತಿ. ಒಂದರಲ್ಲಿ ಮೋಟರ್ ಚಕ್ರದ ಮಧ್ಯದಲ್ಲೇ ಇರುತ್ತದೆ. ಇನ್ನೊಂದರಲ್ಲಿ ಪೆಡಲ್ ಹತ್ತಿರ ಇದ್ದು ಚೈನನ್ನೇ ಎಳೆಯುತ್ತದೆ. ಎರಡನೆಯದಕ್ಕೆ ಗೇರಿನ ಸಹಾಯ ಸಿಗುವುದರಿಂದ ಏರಿನಲ್ಲಿ ಭಾರ ಹೊರುವುದು ಸುಲಭ. ತಾತನದು ಅದೇ. 36 ವೋಲ್ಟ್, 250 ವ್ಯಾಟ್. ಈ ಮೋಟರಿಗೆ ಒಂದು ಗಿಡ್ಡ ತೋಳು ಇದೆ, ಅಲ್ಯೂಮಿನಿಯಂನದು. ಅದು ಫ್ರೇಮಿನ ತಳದಲ್ಲಿ ಪೆಡಲ್ ಅಚ್ಚು ಕೂರುವ ಅಡ್ಡ ಕೊಳವೆಯೊಳಗೆ ತೂರಿರುತ್ತದೆ. ಅಂಗಡಿಯವರು ಆ ಕೊಳವೆಗೆ ಬಿ.ಬಿ. ಅಂತಾರೆ. ಅದು ಕಬ್ಬಿಣ. ತೋಳಿನ ದಪ್ಪ ಸುಮಾರು ಮೂವತ್ಮೂರೂವರೆ ಮಿಲಿಮೀಟರ್. ಕೊಳವೆಯಲ್ಲಿ ಅದಕ್ಕೆ ಸರಿಯಾಗಿ ಜಾಗ, ಹೆಚ್ಚು ಸಡಿಲ ಇರುವುದಿಲ್ಲ.

ಮೊದಲು ಬ್ಯಾಟರಿ ತೆಗೆದೆವು. ಇದನ್ನು ಮರೆಯಬೇಡಿ, ಬ್ಯಾಟರಿ ಇದ್ದಾಗ ಮೋಟರ್ ತಟ್ಟನೆ ತಿರುಗಿದರೆ ಬೆರಳು ಚೈನಿಗೆ ಸಿಕ್ಕುತ್ತದೆ. ಆಮೇಲೆ ವೈರುಗಳ ಜೋಡಣೆ ಬಿಡಿಸಿ, ಎರಡೂ ಕಡೆಯ ಪೆಡಲ್ ಕ್ರ್ಯಾಂಕ್ ಬಿಚ್ಚಿದೆವು. ಇದಕ್ಕೆ ಪುಲ್ಲರ್ ಎಂಬ ಸಾಮಾನು ಬೇಕು. ಎಡಗಡೆಯ ಚಡಿ ರಿಂಗು, ಅದರ ಹಿಂದಿನ ಹಲ್ಲಿನ ಪ್ಲೇಟು, ಎರಡು ಬೋಲ್ಟು ಎಲ್ಲ ಬಂದವು. ಇನ್ನು ಮೋಟರನ್ನು ಬಲಗಡೆಗೆ ಎಳೆದರೆ ಬರಬೇಕು. ಬರಲಿಲ್ಲ. ಮಾವ ಕಾಲು ಕೊಟ್ಟು ಎಳೆದರು. ಸೈಕಲ್ಲೇ ಎದ್ದು ಬಂತು!

ಯಾಕೆ ಹೀಗೆ? ಇಲ್ಲಿ ನಾನು ಬಹಳ ಯೋಚನೆ ಮಾಡಿದೆ. ಸೊಪ್ಪು ಬಾಡಬಾರದೆಂದು ತಾತ ದಾರಿಯುದ್ದಕ್ಕೂ ನೀರು ಚಿಮುಕಿಸುತ್ತಾರೆ. ಒದ್ದೆ ಮೂಟೆಯಿಂದ ನೀರು ಸೀಟಿನ ಕಂಬದ ಸಂದಿಗೆ ಇಳಿಯುತ್ತದೆ. ಆ ಕಂಬದ ಕೊಳವೆ ಕೆಳಗೆ ಬಿ.ಬಿ.ಗೇ ತೆರೆದುಕೊಳ್ಳುತ್ತದೆ. ನೀರು ಹರಿದುಹೋಗಲು ತಳದಲ್ಲಿ ಒಂದು ಸಣ್ಣ ತೂತಿದೆ, ಆದರೆ ಅದಕ್ಕೆ ಮಣ್ಣು ಕೂತಿತ್ತು. ಹೀಗೆ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಒಂದಕ್ಕೊಂದು ಅಂಟಿಕೊಂಡು ಕೊಳಕು ನೀರಿನಲ್ಲಿ ನೆನೆದವು. 1800ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿ ಎರಡು ಬೇರೆ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನ ಬಟ್ಟೆ ಇಟ್ಟು ಮೊದಲ ಬ್ಯಾಟರಿ ತೋರಿಸಿದ್ದನ್ನು ಮೇಷ್ಟ್ರು ಹೇಳಿದ್ದರಲ್ಲ, ಹಾಗೇ ಇದು. ತಾತನ ಸೈಕಲ್ಲಿನಲ್ಲಿ ಯಾರೂ ಕೂರಿಸದ ಇನ್ನೊಂದು ಬ್ಯಾಟರಿ ಇತ್ತು! ಇಂಥ ಜೋಡಿಯಲ್ಲಿ ಹೆಚ್ಚಾಗಿ ಸವೆಯುವುದು ಅಲ್ಯೂಮಿನಿಯಂ. ಅದರಿಂದ ಬಿಳಿ ಪುಡಿ ಆಗುತ್ತದೆ. ಪುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಜಾಗ ಇಲ್ಲದ ಕಡೆ ಅದು ಬೆಣೆಯ ಹಾಗೆ ಒತ್ತಿ ಕೂರುತ್ತದೆ.

ಮಾವ ಸೀಟಿನ ಕಂಬ ತೆಗೆದು ಮೇಲಿಂದ ಡಬ್ಲ್ಯೂಡಿ ಫಾರ್ಟಿ ಸ್ಪ್ರೇ ಹೊಡೆದರು. (ಡಬ್ಲ್ಯೂಡಿ ಅಂದರೆ ನೀರನ್ನು ಹೊರದೂಡುವುದು ಅಂತ. ನಲವತ್ತನೇ ಪ್ರಯತ್ನಕ್ಕೆ ಸರಿಹೋದದ್ದರಿಂದ ಫಾರ್ಟಿ.) ರಾತ್ರಿಯೆಲ್ಲ ನೆನೆಯಲಿ ಎಂದು ಬಿಟ್ಟೆವು.

ಮಾರನೇ ದಿನ ಮಾವ ಟೀ ಕುಡಿಯಲು ಹೋದರು. ಅವರು ಬರುವಷ್ಟರಲ್ಲಿ ಬಿಡಿಸಿ ಶಭಾಷ್ ಅನ್ನಿಸಿಕೊಳ್ಳೋಣ ಎಂದು ನಾನು ಕಬ್ಬಿಣದ ಸುತ್ತಿಗೆ ತಗೊಂಡು ಎಡಗಡೆ ಕಾಣುತ್ತಿದ್ದ ಅಚ್ಚಿನ ತುದಿಗೇ ಮೂರು ಏಟು ಹಾಕಿದೆ. ಮೋಟರ್ ಅಲ್ಲಾಡಲಿಲ್ಲ. ಬೋಲ್ಟ್ ಕೂರುವ ತೂತಿನ ಬಾಯಿ ಮಾತ್ರ ನಗ್ಗಿಹೋಯಿತು. ಹೊಡೆಯಬೇಕಾದದ್ದು ಅಚ್ಚಿಗಲ್ಲ, ತೋಳಿನ ಅಂಚಿಗೆ. ಅಚ್ಚಿಗೆ ಹೊಡೆದರೆ ಒಳಗಿನ ಬೇರಿಂಗಿಗೂ ಏಟು. ಮಾವ ಬಂದು ನೋಡಿದರು. ಬೈಯಲಿಲ್ಲ. "ತಾತನಿಗೆ ನೀನೇ ಹೇಳು" ಅಂದರು ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಪಕ್ಕದ ವೆಲ್ಡಿಂಗ್ ಅಂಗಡಿಯ ಅಣ್ಣ ಬಂದು, "ಗ್ಯಾಸ್ ಹಿಡಿದ್ರೆ ಎರಡು ನಿಮಿಷದ ಕೆಲ್ಸ" ಅಂದರು. ಕಬ್ಬಿಣದೊಳಗೆ ಕಬ್ಬಿಣ ಸಿಕ್ಕಿದ್ದರೆ ಅವರ ಮಾತು ಸರಿ. ಗಾಡಿ ಚಕ್ರಕ್ಕೆ ಪಟ್ಟಾ ಹಾಕುವಾಗ ಕಬ್ಬಿಣದ ಪಟ್ಟಾ ಕಾಯಿಸುತ್ತಾರೆ, ಅದು ಹಿಗ್ಗಿ ಮರದ ಮೇಲೆ ಕೂರುತ್ತದೆ. ಅಲ್ಲಿ ಕಾಯುವುದು ಹೊರಗಿನದು ಮಾತ್ರ. ಇಲ್ಲಿ ಒಳಗಿರುವುದು ಅಲ್ಯೂಮಿನಿಯಂ. ಅಷ್ಟೇ ಬಿಸಿಗೆ ಅದು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎರಡೂ ನೂರು ಡಿಗ್ರಿ ಹೆಚ್ಚು ಕಾದರೆ ತೋಳು ಕೊಳವೆಗಿಂತ ಮಿಲಿಮೀಟರಿನ ನೂರರಲ್ಲಿ ಮೂರು ನಾಲ್ಕು ಪಾಲು ಹೆಚ್ಚು ದಪ್ಪವಾಗುತ್ತದೆ. ನಾನೇ ಲೆಕ್ಕ ಮಾಡಿದೆ. ಅಂದರೆ ಇನ್ನೂ ಬಿಗಿ! ಮೋಟರೊಳಗಿನ ನೈಲಾನ್ ಹಲ್ಲಿನ ಚಕ್ರ, ಅಯಸ್ಕಾಂತ, ಗ್ರೀಸು ಹಾಳಾಗುವುದು ಬೇರೆ. ಮಾವ ಬೇಡ ಅಂದದ್ದು ಇದಕ್ಕೆ. ಅವರು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವರು, ಹಿಗ್ಗುವ ಲೆಕ್ಕ ಅವರಿಗೆ ಕೈಯಲ್ಲಿದೆ.

ಅದಕ್ಕೆ ಉಲ್ಟಾ ಮಾಡಿದೆವು. ಪ್ಲಾಸ್ಟಿಕ್ ಕವರಿನಲ್ಲಿ ಐಸ್ ತುಂಬಿ ತೋಳಿನ ತುದಿಗೆ ಒತ್ತಿ ಹಿಡಿದೆ. ಹೊರಗಿನ ಕೊಳವೆಗೆ ಮಾತ್ರ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿದೆವು. ಆಮೇಲೆ ಮಾವ ಎಳೆಯಲಿಲ್ಲ, ತಿರುಗಿಸಿದರು. ಕೆಳಗೆ ಜೋತುಬಿದ್ದ ಮೋಟರಿನ ಹೊಟ್ಟೆಯೇ ಸನ್ನೆ. ಅದನ್ನು ಹಿಡಿದು ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ. ಬಹಳ ಹೊತ್ತು ಏನೂ ಇಲ್ಲ. ಕೊನೆಗೆ 'ಟಿಕ್' ಅಂತ ಶಬ್ದ, ಕೂದಲೆಳೆಯಷ್ಟು ಅಲುಗಿತು. ಮತ್ತೆ ಸ್ಪ್ರೇ, ಮತ್ತೆ ತಿರುವು. ಐಸಿನಿಂದ ಎಷ್ಟಾಯಿತು, ಸ್ಪ್ರೇಯಿಂದ ಎಷ್ಟಾಯಿತು ಎಂದು ಬೇರೆ ಮಾಡಿ ಹೇಳಲಾರೆ. ನನಗನ್ನಿಸುವುದು, ಹೆಚ್ಚು ಕೆಲಸ ಮಾಡಿದ್ದು ಆ ತಿರುವೇ. ಪುಡಿಯ ಬೆಣೆ ಎಳೆತಕ್ಕೆ ಬಗ್ಗದೆ ಉಜ್ಜಿದರೆ ಒಡೆಯಿತು. ಚೆನ್ನಾಗಿ ಸಡಿಲವಾದ ಮೇಲೆ ಚಡಿ ರಿಂಗನ್ನು ಎರಡು ಸುತ್ತು ಹಾಕಿ, ಅದರ ಮೇಲೆ ಮರದ ತುಂಡಿಟ್ಟು, ಮಾವ ಮೆಲ್ಲಗೆ ತಟ್ಟಿದರು. ಹೀಗೆ ತಟ್ಟಿದರೆ ತೋಳಿನ ಮರೆ ಉಳಿಯುತ್ತದೆ. ಮೋಟರ್ ಬಲಗಡೆಗೆ ಜಾರಿ ನನ್ನ ಮಡಿಲಿಗೆ ಬಂತು. ಫ್ರಾಕೆಲ್ಲ ಕಪ್ಪು. ತೋಳಿನ ಮೇಲೆ ಬಿಳಿ ಪುಡಿ, ಕೊಳವೆಯೊಳಗೆ ಕೆಂಪು ತುಕ್ಕು.

ಒಳಗೆ ನೈಲಾನ್ ಚಕ್ರದ ಐದು ಹಲ್ಲು ಹೋಗಿದ್ದವು. ಅದು ಅರ್ಧ ಗಂಟೆ ಕೆಲಸ. ನಾನು ಹಾಳು ಮಾಡಿದ ತೂತಿಗೆ ಲೇತ್ ಅಂಗಡಿಯಲ್ಲಿ ಟ್ಯಾಪ್ ಹಾಕಿಸಲು ಇನ್ನೊಂದು ದಿನ ಹಿಡಿಯಿತು. ತಾತ ಅವತ್ತೂ ವ್ಯಾಪಾರಕ್ಕೆ ಹೋಗಲಿಲ್ಲ. ನಾನು ಹೇಳಿದೆ, "ತಾತ, ಈ ದಿನ ತಡ ಆಗಿದ್ದು ನನ್ನಿಂದ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುತ್ತಿಗೆ ಎಲ್ಲಿಗೆ ಹೊಡೀಬೇಕಿತ್ತು, ತೋರ್ಸು" ಅಂದರು. ತೋರಿಸಿದೆ.

ತಳದ ತೂತಿನ ಮಣ್ಣನ್ನು ತಂತಿಯಿಂದ ತೆಗೆದೆ. ತೋಳಿಗೆ ಗ್ರೀಸ್ ಬಳಿದು ಕೂರಿಸಿದೆವು. ಸೀಟಿನ ಕಂಬದ ಸಂದಿಗೆ ಹಳೇ ಟ್ಯೂಬಿನ ತುಂಡು ತೊಡಿಸಿದರು ಮಾವ.

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ತಾತ ಅಂಗಡಿ ಮುಂದೆಯೇ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು. ಮೂಟೆಯನ್ನು ಕೆಳಗಿಳಿಸಿಕೊಂಡಿದ್ದರು, ಸೈಕಲ್ಲನ್ನು ಆಚೆ ನಿಲ್ಲಿಸಿದ್ದರು.